ಒಂದೇ ಬಸ್ಸಿನ ಊರು

ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಸೀಟಿ ಊದಿ ಟಿಕೆಟ್ ಹರಿದ ಬಾಷಾ ಸಾಬರಿಗೆ, ತನಗೆ ದರದ ಲೆಕ್ಕ ಹೇಳಿಕೊಡುವವನು ಇನ್ನೂ ಹುಟ್ಟಿಲ್ಲ ಎಂಬ ಜಂಬವಿತ್ತು. ಅವತ್ತು ಬೆಳಿಗ್ಗೆ ಶಿರಾ ಬಸ್ ಸ್ಟ್ಯಾಂಡಿನ ಪಕ್ಕ, ವಾಸಿಫನ ಟ್ರಾವೆಲ್ಸ್ ಅಂಗಡಿಯಲ್ಲಿ ಆ ಜಂಬ ಠುಸ್ಸೆಂದಿತು.

"ಬೆಂಗ್ಳೂರಿಂದ ಬೀದರ್‌ಗೆ ವಿಮಾನದಲ್ಲಿ ಹೋಗ್ಬರೋಕೆ ಒಬ್ರಿಗೆ ಹನ್ನೆರಡು ಸಾವ್ರ, ಚಾಚಾ."

"ಡೆಲ್ಲಿಗೆ?"

ವಾಸಿಫ್ ಕಂಪ್ಯೂಟರ್ ನೋಡಿ ಹೇಳಿದ. "ಹನ್ನೊಂದು."

"ಅರೆ, ಡೆಲ್ಲಿ ಮೂರ್ಪಟ್ಟು ದೂರ ಕಣೋ! ಇದ್ಯಾವ ಸ್ಟೇಜ್ ಲೆಕ್ಕ?"

ಸಾಬರ ಜೇಬಿನಲ್ಲಿದ್ದದ್ದು ಹದಿಮೂರು ಸಾವಿರ. ಮಗಳು ಗೌಸಿಯಾ ಬೀದರಿನಲ್ಲಿ ಹೆತ್ತು ತಿಂಗಳಾಗಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಿತ್ತು. ಆದರೆ ತಾಯಿ ಅಫ್ಜಲುನ್ನೀಸಾಗೆ ಬೆನ್ನಿನ ಆಪರೇಷನ್ ಆಗಿ, ಬಾಣಂತನ ಮಾಡುವವರೇ ಇಲ್ಲವಾಯಿತು. ನಲವತ್ತನೇ ದಿನಕ್ಕಾದರೂ ಮಗುವನ್ನು ಎತ್ತಿಕೊಳ್ಳಬೇಕು ಎಂದು ಆಕೆ ಹಟ ಹಿಡಿದಿದ್ದಳು. ಎರಡು ಮೂರು ಗಂಟೆ ಕಾರಿನಲ್ಲಿ ಮಲಗಿ ಹೋಗಬಹುದು, ರಾತ್ರಿಯಿಡೀ ಬಸ್ಸು ರೈಲಿನ ಕುಲುಕಾಟ ಬೇಡ ಎಂದಿದ್ದರು ಡಾಕ್ಟರು. ವಿಮಾನದಲ್ಲಿ ಒಬ್ಬಳನ್ನೇ ಕಳಿಸೋಣವೆಂದರೆ, ಊರುಗೋಲು ಹಿಡಿದು ನಡೆಯುವ ಹೆಂಗಸು. ಹೋದರೆ ಇಬ್ಬರೂ ಹೋಗಬೇಕು. ಆ ಮಗುವಿನ ಮುಖ ನೋಡುವ ಆಸೆ ಸಾಬರಿಗೂ ಕಡಿಮೆ ಇರಲಿಲ್ಲ.

"ಯಾಕಿಂಗೆ ಅಂತ ಹೇಳು, ಬೇಟಾ," ಎಂದರು. ದುಡ್ಡಿಗಿಂತ ಆ ಲೆಕ್ಕವೇ ಅವರ ತಲೆ ತಿನ್ನುತ್ತಿತ್ತು.

"ಕಂಪ್ಯೂಟರ್ ತೋರಿಸಿದ್ದು ನಾನು ಹೇಳ್ತೀನಿ, ಅಷ್ಟೇ."

ಬೇಸರದಿಂದ ಹೊರಗೆ ಬಂದರೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬ ಮುದುಕಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಗೌಡಗೆರೆ ಕಡೆಯ ಚಿಕ್ಕಹನುಮಕ್ಕ. ಸಾಬರ ಹಳೇ ರೂಟಿನ ಪ್ಯಾಸೆಂಜರು.

"ಏನ್ ಸಾಬ್ರೆ, ಮಖ ಸಪ್ಪಗೈತೆ?"

ಸಾಬರು ಎಲ್ಲ ಹೇಳಿಕೊಂಡರು. ಅವಳು ಬೊಚ್ಚು ಬಾಯಿ ತೆರೆದು ನಕ್ಕಳು.

"ಬೀದರ್‌ಗೆ ದಿನಕ್ಕೆ ಎಷ್ಟು ಇಮಾನ?"

"ಒಂದೇ ಅಂತೆ."

"ಡೆಲ್ಲಿಗೆ?"

"ಲೆಕ್ಕಾನೇ ಇಲ್ವಂತೆ."

"ಅದೇ ಮತ್ತೆ! ನಮ್ಮೂರಿಗೂ ನಿನ್ ಬಸ್ಸು ಒಂದೇ ಇತ್ತು. ನೀನು ಕೇಳಿದ್ದೇ ರೇಟು. ಯಾಕಪ್ಪಾ ಜಾಸ್ತಿ ಅಂದ್ರೆ ಏನಂದಿದ್ದೆ, ಗ್ಯಾಪಕ ಐತಾ?"

ಸಾಬರಿಗೆ ಚೆನ್ನಾಗಿಯೇ ಜ್ಞಾಪಕವಿತ್ತು. ಇಷ್ಟ ಇದ್ರೆ ಹತ್ತು, ಇಲ್ದಿದ್ರೆ ನಡಿ ಅಂದಿದ್ದರು. ಬಸ್ಸೆಲ್ಲ ನಕ್ಕಿತ್ತು. ಅವಳು ನಿಜಕ್ಕೂ ಇಳಿದು ನಡೆದಿದ್ದಳು. ಅಂದಿನಿಂದ ಊರಿನ ದಾರಿ ಹೈವೇಗೆ ಸೇರುವ ಗೇಟಿನ ಸ್ಟಾಪಿನವರೆಗೆ ನಡೆದು, ಅಲ್ಲಿ ಪೈಪೋಟಿಗೆ ಬಿದ್ದು ಕರೆಯುವ ಹತ್ತಾರು ಬಸ್ಸಿನಲ್ಲಿ ಯಾವುದನ್ನೋ ಹತ್ತುತ್ತಿದ್ದಳು. ಆಗ ಅದು ಹೆಂಗಸಿನ ಮೊಂಡುತನ ಅನ್ನಿಸಿತ್ತು.

ಸಾಬರು ಅಂಗಡಿಗೆ ದಡಬಡ ಓಡಿದರು. "ವಾಸಿಫ್, ಬೀದರ್ ಹತ್ರ ಯಾವ ಊರಿಗೆ ವಿಮಾನ ಜಾಸ್ತಿ?"

"ಹೈದರಾಬಾದ್. ಅಲ್ಲಿಂದ ಬೀದರ್‌ಗೆ ರೋಡಲ್ಲಿ ಮೂರು ಗಂಟೆ." ವಾಸಿಫ್ ಬೆರಳಾಡಿಸಿ ಹುಬ್ಬೇರಿಸಿದ. "ಹೋಗ್ಬರೋಕೆ ಇಬ್ರಿಗೂ ಸೇರಿ ಹನ್ನೆರಡೂವರೆ, ಚಾಚಾ!"

ಸಾಬರು ಅಲ್ಲಿಂದಲೇ ಅಳಿಯನಿಗೆ ಫೋನ್ ಮಾಡಿದರು. ಹಿಂದಿನ ಸೀಟಿಗೆ ಹಾಸಿಗೆ ಹಾಸಿಕೊಂಡು ಹೈದರಾಬಾದಿಗೆ ಕಾರು ತರುತ್ತೇನೆಂದು ಅವನು ಒಪ್ಪಿದ. ಟಿಕೆಟ್ ಕಾಗದ ಹಿಡಿದು ಸಾಬರು ಕಟ್ಟೆಯತ್ತ ಬಂದರು. ಖುಷಿಗೆ ಕಣ್ಣು ಒದ್ದೆಯಾಗಿತ್ತು.

"ಆಯ್ತು ಕಣಕ್ಕ, ಹೈದರಾಬಾದ್ ಮೇಲೆ ಇಬ್ರೂ ಹೊಂಟ್ವಿ!"

"ನಿಮ್ಮ ಗೇಟಿಂದ ಮುಂದಕ್ಕೆ ಹೆಂಗೋಯ್ತೀರಾ?"

"ಅಳಿಯ ಕಾರ್ ತತ್ತಾನೆ."

"ಒಳ್ಳೇದಾಯ್ತು ಬುಡು," ಎಂದಳು ಚಿಕ್ಕಹನುಮಕ್ಕ, ಸಿಪ್ಪೆಯನ್ನು ಮಡಿಲಿನಿಂದ ಕೊಡವುತ್ತಾ. "ನಂಗೆ ಯಾವ ಕಾರೂ ಬರ್ಲಿಲ್ಲ. ತಲೆ ಮ್ಯಾಲೆ ಮೂಟೆ, ಸೊಂಟದಾಗೆ ಮಗ."

ಸಾಬರಿಗೆ ನಾಚಿಕೆಯಾಯಿತು. ಗೌಡಗೆರೆ ಬಸ್ಸು ಬಂದಾಗ ಅವಳ ಗಂಟನ್ನು ತಾವೇ ಎತ್ತಿಕೊಂಡು ಮುಂದೆ ಹೋಗಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದರು.

"ತಪ್ಪಾಯ್ತು ಕಣಕ್ಕ," ಎಂದರು, ಬಸ್ಸೆಲ್ಲ ಕೇಳುವಂತೆ.