ವರಸೆಯಲ್ಲಿ ದೊಡ್ಡವಳು

ಚಿಕ್ಕಮ್ಮನಿಗೆ ಹದಿಮೂರು ವರ್ಷ. ಅವಳನ್ನು ಚಿಕ್ಕಮ್ಮ ಎಂದು ಕರೆಯುತ್ತಿದ್ದ ಅಕ್ಕನ ಮಗಳಿಗೂ ಹದಿಮೂರೇ. ನಿಜ ಹೇಳಬೇಕೆಂದರೆ ನಾಲ್ಕು ತಿಂಗಳು ಹೆಚ್ಚು. ತಾಯಿ, ಮಗಳು ಒಂದೇ ವರ್ಷ ಬಸುರಾದ ಮನೆ ಅದು. ಹಿರಿಯ ಮಗಳ ಹೆರಿಗೆಗೆ ನೆರವಾಗಬೇಕಿದ್ದ ಅಮ್ಮ ತಾನೇ ಏದುಸಿರು ಬಿಡುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಳು. "ನಾಚಿಕೆ ಪಡೋಕೂ ಪುರುಸೊತ್ತು ಇರಲಿಲ್ಲ ಕಣೇ" ಎಂದು ಅವಳು ಈಗಲೂ ಹೇಳಿ ನಗುತ್ತಾಳೆ.

ಅಕ್ಕನ ಮಗಳು ಹುಟ್ಟುವಾಗಲೇ ಉದ್ದ. ಬೆಳೆಯುತ್ತ ಇನ್ನೂ ಉದ್ದವಾದಳು. ಅವಳಿಗೆ ತಾತ ಇಟ್ಟ ಹೆಸರು ಏಣಿ. ಚಿಕ್ಕಮ್ಮನ ತಲೆ ಏಣಿಯ ಭುಜಕ್ಕೆ ಬರುತ್ತಿತ್ತು. ಆದರೆ ವರಸೆ ಅಂದರೆ ವರಸೆ. ಮೈ ಎಷ್ಟು ಬೆಳೆದರೇನು, ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆದರೆ ಏಣಿಗೆ ಅವಳಮ್ಮನಿಂದ ತಲೆಗೊಂದು ಮೊಟಕು ಗ್ಯಾರಂಟಿ. ಎರಡು ಬೀದಿ ಆಚೆ ಅವಳ ಮನೆ. ಉಣ್ಣುವುದು, ಮಲಗುವುದು, ಜಗಳ ಆಡುವುದು ಎಲ್ಲ ಇಲ್ಲೇ.

ಅವರಿಬ್ಬರೂ ಏಳನೆಯವರೆಗೆ ಓದಿದ್ದು ಒಂದು ಪುಟ್ಟ ಶಾಲೆಯಲ್ಲಿ. ಒಂದು ಬಾಗಿಲು, ಒಂದು ನಲ್ಲಿ, ಮೇಷ್ಟ್ರೇ ಎದ್ದು ಹೋಗಿ ಹೊಡೆಯುವ ಒಂದು ಗಂಟೆ. ಅಲ್ಲಿ ಎಲ್ಲರಿಗೂ ಎಲ್ಲರ ಮನೆಯೂ ಗೊತ್ತು. ಉದ್ದದ ಹುಡುಗಿ ಗಿಡ್ಡ ಹುಡುಗಿಯನ್ನು ಚಿಕ್ಕಮ್ಮ ಎಂದು ಕರೆದರೆ ಯಾರಿಗೂ ನಗು ಬರುತ್ತಿರಲಿಲ್ಲ. ಮೇಷ್ಟ್ರು ಕೂಡ "ನಿನ್ನ ಚಿಕ್ಕಮ್ಮ ಯಾಕೆ ಬಂದಿಲ್ಲ?" ಎಂದೇ ಕೇಳುತ್ತಿದ್ದರು.

ಆ ವರ್ಷ ಇಬ್ಬರೂ ದೊಡ್ಡ ಹೈಸ್ಕೂಲಿಗೆ ಸೇರಬೇಕಾಗಿತ್ತು.

ಅಮ್ಮ ಟೈಲರ್. ಶಾಲೆ ತೆರೆಯುವ ಮುಂಚಿನ ವಾರಗಳಲ್ಲಿ ಮನೆಯ ಮುಂದಿನ ಕೋಣೆ ಬೂದು ಬಣ್ಣದ ಬಟ್ಟೆಯ ಗುಡ್ಡೆಯಾಗುತ್ತಿತ್ತು. ಹೈಸ್ಕೂಲಿನ ಹುಡುಗ ಹುಡುಗಿಯರು ಅಳತೆ ಕೊಡಲು ಬರುತ್ತಿದ್ದರು. ಚಿಕ್ಕಮ್ಮ ಟೇಪಿನ ಇನ್ನೊಂದು ತುದಿ ಹಿಡಿದು ನಿಂತು ಅವರ ಬಾಯಿಂದ ಮಾತು ಎಳೆಯುತ್ತಿದ್ದಳು. ಕೈ ಅಗಲಿಸಿ ನಿಂತ ಮನುಷ್ಯ ಬೇರೇನು ಮಾಡಲು ಸಾಧ್ಯ? ಕೇಳಿದ್ದಕ್ಕೆಲ್ಲ ಹೇಳುತ್ತಾನೆ.

"ಮಧ್ಯದ ಮೆಟ್ಟಿಲಲ್ಲಿ ಮಾತ್ರ ಹೋಗ್ಬೇಡ" ಎಂದ ಒಬ್ಬ ಹತ್ತನೆಯವನು. "ಬೆಲ್ ಆದಾಗ ಮೇಲಿಂದ ಒಂದು ಪ್ರವಾಹ ಬರುತ್ತೆ. ನೀನು ಹತ್ತುತಾನೇ ಇರ್ತೀಯ, ಆದ್ರೆ ನೋಡಿದ್ರೆ ಕೆಳಗೇ ಇರ್ತೀಯ."

"ಟೀಚರ್‌ಗಳು ನಿನ್ನ ಹೆಸರು ಕಲಿಯೋ ಹೊತ್ತಿಗೆ ವರ್ಷ ಮುಗಿದಿರುತ್ತೆ" ಎಂದಳು ಇನ್ನೊಬ್ಬಳು. "ಆದ್ರೆ ಹುಡುಗರು ಹಾಗಲ್ಲ. ಮೊದಲನೇ ದಿನ ಏನು ಹೆಸರು ಬೀಳುತ್ತೋ ಅದೇ ಕೊನೇವರೆಗೂ. ನಮ್ಮ ಕ್ಲಾಸಲ್ಲಿ ಒಬ್ಬಳು ಅವತ್ತು ಪ್ರಾರ್ಥನೆ ಮಧ್ಯೆ ಸೀನಿದ್ಲು. ಇವತ್ತಿಗೂ ಅವಳು ಆಕ್ಷಿ."

ಮೆಟ್ಟಿಲಿನ ಮಾತನ್ನು ಚಿಕ್ಕಮ್ಮ ಮರೆತಳು. ಈ ಮಾತು ಮಾತ್ರ ಎದೆಗೆ ಕಲ್ಲು ಹಾಕಿದ ಹಾಗೆ ಕೂತುಬಿಟ್ಟಿತು. ಅವತ್ತು ಸಂಜೆಯೇ ಏಣಿಯನ್ನು ಹಿತ್ತಿಲಿಗೆ ಎಳೆದೊಯ್ದಳು.

"ನೋಡು, ಹೈಸ್ಕೂಲಲ್ಲಿ ನನ್ನ ಚಿಕ್ಕಮ್ಮ ಅಂತ ಕರೀಕೂಡದು."

"ಮತ್ತೆ?"

"ಹೆಸರು ಹಿಡಿದು ಕರಿ."

ಏಣಿ ಎರಡು ಸಲ ಬಾಯಿ ತೆರೆದು ಮುಚ್ಚಿದಳು. "ನಾಲಿಗೆ ತಿರುಗಲ್ಲ ಚಿಕ್ಕಮ್ಮ" ಎಂದಳು. "ಅಮ್ಮನ್ನ ಹೆಸರು ಹಿಡಿದು ಕರೆದ ಹಾಗಾಗುತ್ತೆ."

"ಹಾಗಾದ್ರೆ ಏನೂ ಕರೀಬೇಡ. ಹತ್ತಿರ ಬಂದು ಭುಜ ತಟ್ಟು, ಸಾಕು."

ಏಣಿ ತಲೆಯಾಡಿಸಿದಳು. ಹಿರಿಯರು ಹೇಳಿದ ಮೇಲೆ ಮುಗಿಯಿತು ಎಂಬ ಜಾತಿಯವಳು ಅವಳು.

ಮೊದಲ ದಿನ ಅವರಿಬ್ಬರೂ ಗೇಟಿನೊಳಗೆ ಕಾಲಿಟ್ಟಾಗ ಏಣಿ ಚಿಕ್ಕಮ್ಮನ ಚೀಲದ ಪಟ್ಟಿ ಹಿಡಿದುಕೊಂಡಿದ್ದಳು. ಮೂರು ಮಹಡಿಯ ಮೂರು ಕಟ್ಟಡಗಳು, ಒಂದರ ಹಾಗೆಯೇ ಇನ್ನೊಂದು. ಅವುಗಳ ನಡುವೆ ಬೂದು ಬಣ್ಣದ ತಲೆಯೆಣಿಕೆಯಿಲ್ಲದ ಗುಂಪು. ಪ್ರಾರ್ಥನೆ ಮುಗಿದ ಮೇಲೆ ಎಂಟನೆಯವರ ಹೆಸರು ಮೈಕಿನಲ್ಲಿ ಕೂಗಿದರು. ಚಿಕ್ಕಮ್ಮ ಡಿ ಸೆಕ್ಷನ್. ಏಣಿ ಜಿ. ಇಬ್ಬರಿಗೂ ಬೇರೆ ಬೇರೆ ಕ್ಲಾಸು ಆಗಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಏಣಿಯ ಕೈಯಿಂದ ಚೀಲದ ಪಟ್ಟಿ ಜಾರಿತು, ಗುಂಪು ನುಗ್ಗಿತು, ಅಷ್ಟೇ.

ಚಿಕ್ಕಮ್ಮ ಹೇಗೋ ದಾರಿ ಕೇಳಿಕೊಂಡು ಮೊದಲ ಮಹಡಿಯ ವೆರಾಂಡ ತಲುಪಿದಳು. ಡಿ ಸೆಕ್ಷನ್ನಿನ ಬಾಗಿಲಲ್ಲಿ ಒಂದಿಷ್ಟು ಹುಡುಗಿಯರು ನಿಂತಿದ್ದರು. ಯಾರನ್ನು ನೋಡಿ ನಗಬೇಕು, ಎಷ್ಟು ನಗಬೇಕು ಎಂದು ಅವಳು ಇನ್ನೂ ಲೆಕ್ಕ ಹಾಕುತ್ತಿದ್ದಾಗ, ಕೆಳಗೆ ಮೈದಾನದ ನಟ್ಟನಡುವಿನಿಂದ ಆ ಕೂಗು ಬಂತು.

"ಚಿಕ್ಕಮ್ಮಾ!"

ದಾರಿ ತಪ್ಪಿದ ಕರು ಕೂಗಿದ ಹಾಗಿತ್ತು. ಮೂರೂ ಕಟ್ಟಡಗಳು ಒಂದು ಗಳಿಗೆ ಸುಮ್ಮನಾದವು. ಏಣಿ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಎಲ್ಲರೂ ಅವಳ ಕಣ್ಣು ಹೋದ ಕಡೆ ನೋಡಿದರು. ಅಲ್ಲಿ ವೆರಾಂಡದ ಕಂಬಿಯ ಮೇಲೆ ಮೂಗು ಮಾತ್ರ ಕಾಣುತ್ತಿದ್ದ ಒಂದು ಗಿಡ್ಡ ಹುಡುಗಿ. ಆಮೇಲೆ ಎದ್ದ ನಗುವಿಗೆ ಪಾರಿವಾಳಗಳು ಹಾರಿದವು.

ಏಣಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು ನಿಂತಳು. "ಜಿ ಸೆಕ್ಷನ್ ಸಿಗ್ತಾ ಇಲ್ಲ" ಎಂದಳು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು.

"ಯಾರೇ ಇವಳು?" ಎಂದು ಬಾಗಿಲಲ್ಲಿದ್ದ ಒಬ್ಬಳು ನಗುತ್ತ ಕೇಳಿದಳು. "ನಿಜವಾಗ್ಲೂ ನಿನ್ನ ಮಗಳಾ?"

ಚಿಕ್ಕಮ್ಮನ ಕಿವಿ ಕಾದ ಹಂಚಾಗಿತ್ತು. "ಯಾರೋ ನಂಗೊತ್ತಿಲ್ಲ" ಎಂದಳು. "ಬೇರೆ ಯಾರೋ ಅಂದ್ಕೊಂಡು ಕೂಗಿರ್ಬೇಕು."

ಏಣಿ ಅವಳನ್ನು ನೋಡಿದಳು. "ಹೌದು" ಎಂದಳು ಆ ಹುಡುಗಿಯರಿಗೆ. "ಬೇರೆ ಯಾರೋ ಅಂದ್ಕೊಂಡೆ." ತಿರುಗಿ ಇಳಿದು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆ ಏಣಿ ಮನೆಗೆ ಒಟ್ಟಿಗೇ ಬಂದಳು, ಆದರೆ ನಾಲ್ಕು ಹೆಜ್ಜೆ ಹಿಂದೆ. ಯಾರಿಗೂ ಏನೂ ಹೇಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಚಿಕ್ಕಮ್ಮ ಕೇಳಿದ್ದಕ್ಕೆ ಹೂಂ, ಉಹೂಂ ಎಂದಳು. ಅವಳನ್ನು ಏನೆಂದೂ ಕರೆಯಲಿಲ್ಲ, ಅಷ್ಟೇ. ಮನೆಯಲ್ಲೂ ಕರೆಯಲಿಲ್ಲ.

ಇತ್ತ ಶಾಲೆಯಲ್ಲಿ ಹೆಸರು ಬಿದ್ದೇ ಬಿತ್ತು. "ಚಿಕ್ಕಮ್ಮ, ರಬ್ಬರ್ ಇದೆಯಾ?" "ಚಿಕ್ಕಮ್ಮ, ಸ್ವಲ್ಪ ಸರಿ." ಮೊದಲೆರಡು ದಿನ ಅವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮೂರನೇ ದಿನ ಅಳು ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಂಡಳು: ಆ ಸಾವಿರಾರು ಮಕ್ಕಳ ನಡುವೆ ಉಳಿದ ಹೊಸಬರಿಗೆಲ್ಲ ಮುಖವೇ ಇಲ್ಲದಿರುವಾಗ ಅವಳೊಬ್ಬಳು ಎಲ್ಲರಿಗೂ ಗೊತ್ತು. ಅಟೆಂಡರಿಗೂ ಗೊತ್ತು, ವಿಜ್ಞಾನದ ಟೀಚರಿಗೂ ಗೊತ್ತು. ಲೈಬ್ರರಿಯ ಸಾಲಿನಲ್ಲಿ "ಬಾ ಚಿಕ್ಕಮ್ಮ" ಎಂದು ಹಿರಿಯರು ಮುಂದೆ ಬಿಡುತ್ತಿದ್ದರು. ಊಟದ ಹೊತ್ತಿಗೆ ಅವಳಿಗೆಂದು ಜಾಗ ಹಿಡಿದಿಡುವವರಾದರು. ಏಣಿಯ ಬಾಯಿಂದ ಬಂದ ಹೆಸರಿನಿಂದಲೇ ಇದೆಲ್ಲ ಎಂದು ಅವಳಿಗೆ ಆಗಾಗ ನೆನಪಾಗುತ್ತಿತ್ತು. ನೆನಪಾದಾಗ ಬೇರೆ ಏನಾದರೂ ಮಾತು ತೆಗೆಯುತ್ತಿದ್ದಳು.

ಇನ್ನೊಂದನ್ನೂ ಗಮನಿಸಿದ್ದಳು. ಮನೆಗೆ ಬರುವ ದಾರಿಯಲ್ಲಿ, ಹಿಂದೆ ನಡೆಯುತ್ತಿದ್ದ ಏಣಿ ಡಬ್ಬಿ ತೆರೆದು ಗಬಗಬ ತಿನ್ನುತ್ತಿದ್ದಳು. ಎರಡೆರಡು ಸಲ ಹಸಿವು ಇವಳಿಗೆ, ಅದಕ್ಕೇ ಹೀಗೆ ಬೆಳೆಯೋದು ಎಂದುಕೊಂಡು ಸುಮ್ಮನಾದಳು.

ಒಂದು ಮಧ್ಯಾಹ್ನ ಗಣಿತದ ಟೆಸ್ಟು ನಡೆಯುತ್ತಿತ್ತು. ಅಟೆಂಡರ್ ಬಾಗಿಲಲ್ಲಿ ತಲೆ ಹಾಕಿ, "ಚಿಕ್ಕಮ್ಮನ್ನ ಹೆಲ್ತ್ ರೂಮಿಗೆ ಕಳಿಸ್ಬೇಕಂತೆ" ಎಂದ. ಕ್ಲಾಸು ಕಿಸಕ್ಕೆಂದಿತು. "ಆಟದ ಪಿರಿಯಡ್ಡಲ್ಲಿ ಉದ್ದದ ಹುಡುಗಿ ಒಬ್ಬಳು ತಲೆ ಸುತ್ತಿ ಬಿದ್ದಿದ್ದಾಳೆ."

ಅವಳು ಪೆನ್ನಿನ ಮುಚ್ಚಳ ಕೂಡ ಹಾಕಲಿಲ್ಲ. ಮಧ್ಯದ ಮೆಟ್ಟಿಲಲ್ಲೇ ದಡದಡ ಇಳಿದಳು. ಹೊತ್ತಲ್ಲದ ಹೊತ್ತಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ.

ಹೆಲ್ತ್ ರೂಮಿನ ಮಂಚ ಏಣಿಗೆ ಚಿಕ್ಕದಾಗಿತ್ತು. ಪಾದಗಳು ಹೊರಗೆ ಚಾಚಿಕೊಂಡಿದ್ದವು. ಒಂದು ಸಾಕ್ಸಿನ ಹಿಮ್ಮಡಿ ತೂತಾಗಿತ್ತು. ಬಾಗಿಲಲ್ಲಿ ಜಿ ಸೆಕ್ಷನ್ನಿನವರು, ಡ್ರಿಲ್ಲಿಗೆ ಹೊರಟಿದ್ದ ಇನ್ಯಾರೋ ಎಲ್ಲ ಇಣುಕುತ್ತಿದ್ದರು.

"ಬಿದ್ದಾಗ ಚಿಕ್ಕಮ್ಮ, ಚಿಕ್ಕಮ್ಮ ಅಂತಿದ್ಲು" ಎಂದರು ನರ್ಸಮ್ಮ. "ಎಚ್ಚರ ಆದ್ಮೇಲೆ ಕೇಳಿದ್ರೆ ಈ ಸ್ಕೂಲಲ್ಲಿ ನಂಗೆ ಯಾರೂ ಇಲ್ಲ ಅಂತಾಳೆ. ನೀನು ಯಾರು ಇವಳಿಗೆ?"

"ಚಿಕ್ಕಮ್ಮ."

"ಅದು ನಿನ್ನ ಅಡ್ಡಹೆಸರು, ನಂಗೂ ಗೊತ್ತು. ನಾನು ಕೇಳಿದ್ದು ಸಂಬಂಧ."

"ಸಂಬಂಧಾನೇ ಹೇಳಿದ್ದು ಮೇಡಂ. ಇವಳು ನಮ್ಮಕ್ಕನ ಮಗಳು. ನಾನು ಇವಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ."

ಬಾಗಿಲಲ್ಲಿ ಯಾರೋ ನಕ್ಕರು. ನರ್ಸಮ್ಮ ನಗಲಿಲ್ಲ, ಆದರೆ ತುಟಿ ಬಿಗಿ ಹಿಡಿದುಕೊಂಡರು. "ಹಾಗೆಲ್ಲ ಕಳಿಸೋಕಾಗಲ್ಲಮ್ಮ. ಮನೆಯಿಂದ ದೊಡ್ಡೋರು ಬರ್ಬೇಕು."

"ನಾನೇ ದೊಡ್ಡೋಳು" ಎಂದಳು ಚಿಕ್ಕಮ್ಮ. ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ವಯಸ್ಸಲ್ಲಿ ಅವಳು ದೊಡ್ಡೋಳು. ವರಸೇಲಿ ನಾನು ದೊಡ್ಡೋಳು. ಅವತ್ತು ಅವಳು ಕೂಗಿದ್ದು ನನ್ನನ್ನೇ. ನಾನೇ ಸುಳ್ಳು ಹೇಳಿದ್ದೆ."

ನರ್ಸಮ್ಮ ಬಾಗಿಲು ಹಾಕಿದರು. "ಸರಿ ದೊಡ್ಡೋಳೇ" ಎಂದರು ಮೆತ್ತಗೆ. "ಕೂತ್ಕೋ ಇಲ್ಲಿ. ನಿಮ್ಮಕ್ಕನಿಗೆ ಫೋನ್ ಮಾಡ್ತೀನಿ. ಅವಳು ಬರೋವರೆಗೂ ಈ ಸಕ್ಕರೆ ನೀರು ಕುಡಿಸ್ತಾ ಇರು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಅನ್ಸುತ್ತೆ."

ಏಣಿ ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ಚಿಕ್ಕಮ್ಮ ಅವಳ ಚೀಲದಿಂದ ಡಬ್ಬಿ ತೆಗೆದಳು. ತುಂಬಿದ ಡಬ್ಬಿ, ಮುಟ್ಟಿಯೇ ಇರಲಿಲ್ಲ.

"ಯಾಕೆ ತಿಂದಿಲ್ಲ?"

ಗೋಡೆ ಕಡೆಯಿಂದ ಉತ್ತರ ಬಂತು. "ಎಲ್ಲಿ ಕೂತ್ಕೊಂಡು ತಿನ್ನಲಿ?"

"ಅಂದ್ರೆ?"

"ಕ್ಲಾಸಲ್ಲಿ ಎಲ್ಲರೂ ಬೆಂಚು ಜೋಡಿಸ್ಕೋತಾರೆ. ನಾನು ಹೋಗಿ ನಿಂತ್ರೆ ಎಲ್ಲರೂ ತಲೆ ಎತ್ತಿ ನೋಡ್ತಾರೆ, ಇಷ್ಟುದ್ದ ಇದ್ದೀನಲ್ಲ. ಅದಕ್ಕೇ ಮೆಟ್ಟಿಲ ಕೆಳಗೆ ಹೋಗಿ ಕೂತ್ಕೋತೀನಿ. ಅಲ್ಲಿ ನೆಲ ಒರೆಸೋ ಬಟ್ಟೆ ವಾಸನೆ. ತುತ್ತು ಇಳಿಯಲ್ಲ."

"ನನ್ನ ಹತ್ರ ಬರ್ಬೋದಿತ್ತಲ್ಲ?"

ಏಣಿ ಈಗ ತಿರುಗಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಚಿಕ್ಕಮ್ಮನಿಗೆ. "ಏನಂತ ಕರೆದು ಬರಲಿ?" ಎಂದಳು.

ಅಕ್ಕ ಬಂದಳು. ಬ್ರೆಡ್ ಫ್ಯಾಕ್ಟರಿಯಿಂದ ನೇರ ಓಡಿ ಬಂದಿದ್ದಳು. ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ಮಗಳ ಹಣೆ ಮುಟ್ಟಿ, ಕೆನ್ನೆ ಮುಟ್ಟಿ, ಆಮೇಲೆ ತಂಗಿಯ ಕೆನ್ನೆಯನ್ನೂ ಮುಟ್ಟಿ ನೋಡಿದಳು, ಅವಳಿಗೂ ಏನೋ ಆಗಿರಬಹುದೆಂಬಂತೆ.

ದಾರಿಯಲ್ಲಿ ಮೂವರೂ ಒಂದು ಮರದ ನೆರಳಿನ ಕಟ್ಟೆಯ ಮೇಲೆ ಕೂತರು. ಏಣಿ ಡಬ್ಬಿ ಬಿಚ್ಚಿ ತಿಂದಳು. ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು, ಏನೂ ಬಿಡದೆ. ಮೊಟಕು ಬೀಳುತ್ತದೆಂದು ತಲೆ ತಗ್ಗಿಸಿಯೇ ಕೂತಿದ್ದಳು. ಬೀಳಲಿಲ್ಲ.

"ನಾನು ಫ್ಯಾಕ್ಟರಿಗೆ ಸೇರಿದಾಗ" ಎಂದಳು ಅಕ್ಕ, ರಸ್ತೆ ನೋಡುತ್ತ, "ಒಂದು ತಿಂಗಳು ಒಲೆ ಪಕ್ಕ ನಿಂತ್ಕೊಂಡೇ ತಿಂದೆ. ಅಷ್ಟು ಜನ ಅಲ್ಲಿ. ದೊಡ್ಡ ಜಾಗ ಅಂದ್ರೆ ಹಾಗೇ ಪುಟ್ಟಿ. ಕೆಲಸ ಹೇಗೆ ಮಾಡ್ಬೇಕು ಅಂತ ಹೇಳ್ಕೊಡೋಕೆ ಹತ್ತು ಜನ ಇರ್ತಾರೆ. ಎಲ್ಲಿ ಕೂತ್ಕೋಬೇಕು ಅಂತ ಯಾರೂ ಹೇಳಲ್ಲ."

"ಆಮೇಲೆ ಹೇಗೆ ಕೂತೆ?"

"ಒಬ್ಬಳು ಚೀಲ ಪಕ್ಕಕ್ಕೆ ಎತ್ತಿಟ್ಲು. ಅಷ್ಟೇ. ಬಾ ಅಂತಾನೂ ಅನ್ಲಿಲ್ಲ." ಅಕ್ಕ ಎದ್ದು ಸೀರೆಗೆ ಅಂಟಿದ್ದ ಮಣ್ಣು ಕೊಡವಿದಳು. "ಈಗ ಆ ಯಮ್ಮನ ಬಾಯಿ ಮುಚ್ಚಿಸೋಕಾಗಲ್ಲ, ಅದು ಬೇರೆ ಮಾತು."

ಮರುದಿನ ಮಧ್ಯಾಹ್ನ ಚಿಕ್ಕಮ್ಮ ತನ್ನ ಡಬ್ಬಿ ಹಿಡಿದು ಜಿ ಸೆಕ್ಷನ್ನಿಗೆ ಹೋದಳು. ಏಣಿಯನ್ನು ಕರೆದುಕೊಂಡು ಮೈದಾನದ ಅಂಚಿನ ಕಲ್ಲು ಬೆಂಚಿನಲ್ಲಿ ಕೂತಳು.

"ನಿನ್ನ ಗೆಳತಿಯರು?" ಎಂದಳು ಏಣಿ.

"ಅವರಿಗೆ ಕೈಯಿದೆ, ಬಾಯಿದೆ. ತಿಂತಾರೆ."

ಏಣಿ ನಗಲಿಲ್ಲ. ಸುಮ್ಮನೆ ತಿಂದಳು. ಅವತ್ತೂ ಏನೆಂದೂ ಕರೆಯಲಿಲ್ಲ, ಅದರ ಮರುದಿನವೂ ಇಲ್ಲ. ಒಮ್ಮೆ ತಪ್ಪೊಪ್ಪಿಕೊಂಡರೆ ಎಲ್ಲ ಮೊದಲಿನ ಹಾಗಾಗುತ್ತದೆ ಎಂದುಕೊಂಡಿದ್ದ ಚಿಕ್ಕಮ್ಮನಿಗೆ ಇದು ಹೊಸ ಪಾಠ. ಮಾತು ಬರದಿದ್ದರೂ ಹೋಗಿ ಕೂರುವುದು, ಎದ್ದು ಬರುವುದು, ಮತ್ತೆ ಹೋಗುವುದು. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಡಿ ಸೆಕ್ಷನ್ನಿನಲ್ಲಿ ಅವಳಿಗೆಂದು ಹಿಡಿದಿಟ್ಟ ಜಾಗದಲ್ಲಿ ಬೇರೊಬ್ಬಳು ಕೂರತೊಡಗಿದಳು.

ಒಂದು ದಿನ ಅವಳು ಹೋಗುವಷ್ಟರಲ್ಲಿ ಬೆಂಚಿನಲ್ಲಿ ಏಣಿಯ ಜೊತೆ ಇನ್ನೊಬ್ಬಳಿದ್ದಳು, ದಪ್ಪ ಕನ್ನಡಕದವಳು. ಮರುವಾರ ಮೂವರಾದರು. ಯಾರಿವರೆಲ್ಲ ಎಂದು ಕೇಳಿದ್ದಕ್ಕೆ ಏಣಿ, "ಮೆಟ್ಟಿಲ ಕೆಳಗಿನೋರು" ಎಂದಳು. "ಆ ಕಡೆ ಮೆಟ್ಟಿಲ ಕೆಳಗೆ ಇವಳು ಕೂರ್ತಿದ್ಲು. ಇವಳು ಲ್ಯಾಬಿನ ಹಿಂದೆ. ಯಾರ್ಯಾರು ಎಲ್ಲೆಲ್ಲಿ ಬಚ್ಚಿಟ್ಕೊಂಡು ತಿಂತಾರೆ ಅಂತ ನಂಗೆ ಗೊತ್ತಲ್ಲ. ಹೋಗಿ ಎಬ್ಬಿಸ್ಕೊಂಡು ಬಂದೆ."

ಅವಳು ಇಷ್ಟು ಉದ್ದದ ಮಾತಾಡಿ ಎಷ್ಟೋ ದಿನವಾಗಿತ್ತು. ಕನ್ನಡಕದವಳು ಏನೋ ಹೇಳಿದಳು. ಏಣಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ಬೆಂಚಿನ ತುದಿಯಲ್ಲಿ ಅರ್ಧ ಮೈ ಹೊರಗಿಟ್ಟು ಕೂತಿದ್ದ ಚಿಕ್ಕಮ್ಮನಿಗೆ ಆ ನಗುವಿನ ಕಾರಣ ತಿಳಿಯಲಿಲ್ಲ. ಜಿ ಸೆಕ್ಷನ್ನಿನ ಯಾವುದೋ ಸಂಗತಿ ಇರಬೇಕು. ಏಣಿಯ ನಗುವಿಗೆ ಕಾರಣ ಗೊತ್ತಿಲ್ಲದೆ ಅವಳು ಕೂತದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಊಟ ಮುಗಿಸಿ ಡಬ್ಬಿಯ ಮುಚ್ಚಳ ಹಾಕುತ್ತ ಏಣಿ ಅವಳ ಕಡೆ ಬಾಗಿದಳು. "ನಾಳೆಯಿಂದ ನೀನು ಬರ್ಲೇಬೇಕು ಅಂತೇನಿಲ್ಲ ಚಿಕ್ಕಮ್ಮ" ಎಂದಳು, ಬಾಯಲ್ಲಿ ಇನ್ನೂ ತುತ್ತಿತ್ತು. "ಬಂದ್ರೆ ಬೇಡ ಅನ್ನಲ್ಲ."

ಚಿಕ್ಕಮ್ಮ ತಲೆಯಾಡಿಸಿದಳು. ಬೆಲ್ ಆಯಿತು. ನಾಲ್ವರೂ ಎದ್ದು ಹೊರಟರು. ಮೂವರು ಆ ಕಟ್ಟಡಕ್ಕೆ, ಇವಳೊಬ್ಬಳು ಈ ಕಟ್ಟಡಕ್ಕೆ. ಎದೆಯೊಳಗೆ ಹಗುರವಾಗಿದ್ದೂ ಎಲ್ಲೋ ಒಂದು ಕಡೆ ಚಿವುಟಿದ ಹಾಗಾಗುತ್ತಿತ್ತು. ಮಧ್ಯದ ಮೆಟ್ಟಿಲ ಬುಡಕ್ಕೆ ಬಂದಳು. ಮೇಲಿಂದ ಹತ್ತನೆಯವರ ಗುಂಪು ಧುಮ್ಮಿಕ್ಕುತ್ತಿತ್ತು. ಅವಳು ಡಬ್ಬಿಯನ್ನು ಎದೆಗೆ ಅವಚಿಕೊಂಡು, ಗೋಡೆಗೆ ಒತ್ತಿಕೊಂಡು, ಹತ್ತತೊಡಗಿದಳು.