ಬೆಂಚಿನ ತುದಿಯಲ್ಲಿ ಕೂತವನು

ಕಟಿಂಗ್ ಅಂಗಡಿಯವನ ಮಗಳ ಕೂದಲೇ ಕಣ್ಣು ಮುಚ್ಚುವಷ್ಟು ಬೆಳೆದಿದೆ ಅಂದರೆ ಬೀದಿಯವರು ಸುಮ್ಮನಿರುತ್ತಾರೆಯೇ?

"ಏನಮ್ಮಾ, ಅಪ್ಪನ ಅಂಗಡೀಲಿ ನಿನ್ನ ಸರದಿ ಇನ್ನೂ ಬರಲಿಲ್ವಾ?" ಎಂದು ಎದುರಿನ ಹಾಲಿನವನು ರೇಗಿಸಿದ. ಹುಡುಗಿ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಓಡಿಹೋದಳು. ಬೀದಿಯವರಿಗೆ ಅದು ತಮಾಷೆ. ಅಂಗಡಿಯೊಳಗೆ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಮಾತ್ರ ಎದೆಗೆ ನಾಟಿತು. ಕಾರಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳಿಗೆ ಅವನನ್ನು ಕಂಡರೆ ಭಯ.

ಅವನನ್ನು ಎಲ್ಲರೂ ಕತ್ತರಿ ಅಣ್ಣ ಎಂದೇ ಕರೆಯುವುದು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬಂದ ಗಿರಾಕಿಗಳಿಗೆಲ್ಲ ಒಂದೊಂದು ಅಡ್ಡಹೆಸರು ಇಟ್ಟು, ನಗಿಸಿ ಕಳಿಸುತ್ತಿದ್ದ ಮನುಷ್ಯ. ಹೋದ ವರ್ಷ ಪಕ್ಕದ ಹಳೇ ಕಟ್ಟಡದ ಗೋಡೆ ಕುಸಿದು ಅವನ ಅಂಗಡಿಯ ಮೇಲೆ ಬಿತ್ತು. ಅವನೂ, ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಜೊತೆಗಾರನೂ ಇಟ್ಟಿಗೆ ರಾಶಿಯ ಕೆಳಗೆ ಸಿಕ್ಕಿಕೊಂಡರು. ಎಷ್ಟೋ ಹೊತ್ತಿನ ಮೇಲೆ, ಕಾಂಕ್ರೀಟ್ ಕೊಯ್ಯುವ ಯಂತ್ರ ತಂದು, ಇವನನ್ನು ಹೊರಗೆ ತೆಗೆದರು. ಜೊತೆಗಾರ ಉಳಿಯಲಿಲ್ಲ.

ಮುರಿದ ಕಾಲು ಕೂಡಿತು, ಗಾಯ ಮಾಯಿತು, ಬೇರೆ ಬೀದಿಯಲ್ಲಿ ಹೊಸ ಅಂಗಡಿಯೂ ಆಯಿತು. "ಗಟ್ಟಿ ಜೀವ ಬಿಡಪ್ಪ" ಎಂದು ಎಲ್ಲರೂ ಬೆನ್ನು ತಟ್ಟಿದರು. ಆದರೆ ಎಷ್ಟೇ ಗಾಳಿ ಬೀಸಿದರೂ ಕತ್ತರಿ ಅಣ್ಣ ಅಂಗಡಿಯ ಬಾಗಿಲು ಮುಚ್ಚುತ್ತಿರಲಿಲ್ಲ. ಕತ್ತರಿಸಿದ ಕೂದಲೆಲ್ಲ ಹಾರಿ ಗಿರಾಕಿಗಳ ಬಾಯಿಗೆ ಬರುತ್ತಿತ್ತು. ಟ್ರಿಮ್ಮರ್ ಗುಯ್ ಅಂದರೆ ಆ ಕೊಯ್ಯುವ ಯಂತ್ರವೇ ತಲೆಯೊಳಗೆ ಹೊಕ್ಕ ಹಾಗಾಗಿ, ಅದನ್ನು ಮೇಲಿನ ಕಪಾಟಿಗೆ ಹಾಕಿಬಿಟ್ಟ. ಜೊತೆಗಾರನ ಸಾವಿಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

ಒಂದು ದಿನ ಮಗಳು ಅಂಗಡಿಯಲ್ಲಿ ಸ್ಟೂಲನ್ನು ಎಳೆದಳು. ಗೋಡೆ ಬಿರಿಯುವ ಹಾಗೆ ಕರ್ರ್ ಎಂದು ಸದ್ದಾಯಿತು. ಅಷ್ಟೇ! ಅವಳ ತೋಳು ಹಿಡಿದು, "ಹೊರಗೆ! ಹೊರಗೆ ನಡಿ!" ಎಂದು ಕಿರುಚುತ್ತಾ ಬೀದಿಯವರೆಗೂ ದರದರ ಎಳೆದುಕೊಂಡು ಹೋದ. ಸುತ್ತ ಜನ ಸೇರಿದಾಗಲೇ ಅವನಿಗೆ ಮೈಮೇಲೆ ಎಚ್ಚರ ಬಂದದ್ದು. ಮಗಳ ತೋಳಿನ ಮೇಲೆ ಅವನ ಬೆರಳಿನ ಗುರುತು ಮೂಡಿತ್ತು. ಆಮೇಲೆ ಅವಳು ಅಪ್ಪನ ಕುರ್ಚಿ ಹತ್ತಲಿಲ್ಲ.

"ರೀ, ಆರೋಗ್ಯ ಕೇಂದ್ರಕ್ಕೆ ಒಬ್ಬರು ಮೇಡಂ ಬರ್ತಾರೆ. ಮನಸ್ಸಿಗೆ ಪೆಟ್ಟಾದೋರ ಜೊತೆ ಮಾತಾಡೋದೇ ಅವರ ಕೆಲಸವಂತೆ. ಹೋಗೋಣ," ಎಂದಳು ಹೆಂಡತಿ.

"ನನಗೇನು ತಲೆ ಕೆಟ್ಟಿದೆಯಾ?"

"ಕೆಟ್ಟಿಲ್ಲ, ನೊಂದಿದೆ. ಕಾಲು ಮುರಿದಾಗ ಪಟ್ಟಿ ಹಾಕಿಸ್ಕೊಂಡ್ರಲ್ಲ, ಯಾರಾದ್ರೂ ನಕ್ಕರಾ?"

ಅಷ್ಟರಲ್ಲಿ ಅವನ ತಾಯಿ ನಡುವೆ ಬಾಯಿ ಹಾಕಿದರು. "ಅವನಿಗೇನೂ ಆಗಿಲ್ಲ ಕಣೆ. ಗಂಡಸು ಅಂದಮೇಲೆ ಎಲ್ಲ ಮರೆತು ಗಟ್ಟಿಯಾಗಿರಬೇಕು. ಸುಮ್ಮನೆ ಕೆದಕಬೇಡ."

ಕತ್ತರಿ ಅಣ್ಣನಿಗೆ ತಾಯಿಯ ಮಾತೇ ಹಿತವಾಯಿತು. ಭಯವನ್ನು ತಾನೇ ಮೆಟ್ಟಿ ತೋರಿಸುತ್ತೇನೆ ಎಂದು ಹಟ ಹಿಡಿದ. ಮಾರನೆಯ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ, ಅಂಗಡಿಯ ಷಟರ್ ಪೂರಾ ಕೆಳಗೆಳೆದು, ಕತ್ತಲಲ್ಲಿ ಒಬ್ಬನೇ ಕೂತ. ಸ್ವಲ್ಪ ಹೊತ್ತಿಗೇ ಒಳಗಿನಿಂದ ದಬದಬ ಬಡಿಯುವ ಸದ್ದು. ಹಾಲಿನವನು ಓಡಿಬಂದು ಷಟರ್ ಎತ್ತಿದಾಗ ಕತ್ತರಿ ಅಣ್ಣ ನೆಲದ ಮೇಲೆ ಮುದುಡಿಕೊಂಡಿದ್ದ. ಉಗುರೆಲ್ಲ ರಕ್ತವಾಗಿತ್ತು.

ಸಂಜೆ ಅವನು ಹೆಂಡತಿಗೆ ಹೇಳಿದ: "ನಡಿ, ಹೋಗೋಣ. ನನ್ನ ಮಗಳು ನನ್ನ ಕಂಡು ಹೆದರಿಕೊಂಡು ಬೆಳೆಯೋದು ನನಗೆ ಬೇಡ."

ಮೇಡಂ ಕೋಣೆ ಚಿಕ್ಕದು. ಎರಡು ಕುರ್ಚಿ, ಒಂದು ಕಿಟಕಿ, ನೀರಿನ ಹೂಜಿ. ಅವನು ಬಾಗಿಲಿಗೆ ಮುಖ ಮಾಡಿ ಕೂತದ್ದನ್ನು ಅವರು ನೋಡಿದರು.

"ಬಾಗಿಲು ತೆಗೆದೇ ಇರಲಿ ಬಿಡಿ ಅಣ್ಣ. ಹೇಳಿ, ನನ್ನಿಂದ ಏನಾಗಬೇಕು?"

"ನನ್ನೊಳಗೆ ಒಬ್ಬ ಹುಚ್ಚ ಸೇರ್ಕೊಂಡಿದಾನೆ ಮೇಡಂ. ಅವನನ್ನ ಕಿತ್ತು ಬಿಸಾಕಿ."

"ಒಬ್ಬನೇನಾ?"

ಅವನು ತಬ್ಬಿಬ್ಬಾದ. ಯೋಚಿಸಿ ನೋಡಿದರೆ ಒಬ್ಬನಲ್ಲ. ಬಾಗಿಲು ಕಾಯುವವನು ಬೇರೆ, ರೇಗಾಡುವವನು ಬೇರೆ, ಕಲ್ಲಿನ ಹಾಗೆ ಕೂರುವವನು ಬೇರೆ. ಹಾಗೆಂದೇ ಮೇಡಂಗೆ ಹೇಳಿದ.

"ನಿಮ್ಮ ಅಂಗಡೀಲಿ ಕಾಯೋರಿಗೆ ಬೆಂಚ್ ಇರುತ್ತಲ್ಲ, ಅಲ್ಲಿ ಯಾರಾದ್ರೂ ಅವಸರ ಮಾಡಿ ಕೂಗಾಡಿದ್ರೆ ಏನ್ಮಾಡ್ತೀರಿ? ಆಚೆ ತಳ್ತೀರಾ?"

"ತಳ್ಳಿದ್ರೆ ಇನ್ನೂ ಜೋರಾಗಿ ಕೂಗ್ತಾನೆ. ಕೂರಿಸಿ, 'ಯಾಕಪ್ಪ ಅವಸರ?' ಅಂತ ಕೇಳ್ತೀನಿ. ಏನೋ ಒಂದು ಕಾರಣ ಇದ್ದೇ ಇರುತ್ತೆ."

"ಕತ್ತರಿ ಅವನ ಕೈಗೆ ಕೊಟ್ಬಿಡ್ತೀರಾ?"

"ಅಯ್ಯೋ, ಕೊಟ್ಟರೆ ಊರಿನ ಕಿವಿಯೆಲ್ಲ ಹೋದ ಹಾಗೆ!" ಎಂದು ಅವನು ನಕ್ಕ. ನಕ್ಕು ಎಷ್ಟು ದಿನವಾಗಿತ್ತೋ.

ಮೇಡಂ ಕೂಡ ನಕ್ಕರು. ಆಮೇಲೆ ಹೇಳಿದರು: "ದೊಡ್ಡ ಪೆಟ್ಟು ಬಿದ್ದಾಗ ಮನಸ್ಸು ಕೆಲವು ಸಲ ಹೋಳು ಹೋಳಾಗುತ್ತೆ ಅಣ್ಣ. ಒಂದು ಭಾಗ ಹಗಲೂ ರಾತ್ರಿ ಕಾವಲು ಕಾಯುತ್ತೆ. ಒಂದು ಭಾಗ ಸಿಡಿಯುತ್ತೆ. ಇನ್ನೊಂದು, ನೋವು ಗೊತ್ತಾಗದೇ ಇರಲಿ ಅಂತ ಮರಗಟ್ಟಿ ಹೋಗುತ್ತೆ. ಇವರು ಯಾರೂ ನಿಮ್ಮ ಶತ್ರುಗಳಲ್ಲ. ನಿಮ್ಮನ್ನ ಉಳಿಸೋಕೆ ಬಂದೋರು. ಅಪಾಯ ಮುಗೀತು ಅಂತ ಇನ್ನೂ ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ."

"ಹಾಗಾದ್ರೆ ನಾನು ಯಾರು ಮೇಡಂ?"

"ಅವರೆಲ್ಲ ಬೆಂಚಿನ ಮೇಲೆ ಕೂತೋರು. ಅಂಗಡಿ ನಿಮ್ಮದು."

ಅವತ್ತಿನಿಂದ ಕತ್ತರಿ ಅಣ್ಣ ತನ್ನೊಳಗಿನವರಿಗೂ ಅಡ್ಡಹೆಸರು ಇಟ್ಟ. ಕಾವಲುಗಾರ ಬಾಗಿಲಯ್ಯನಾದ, ರೇಗುವವನು ಸಿಡಿಮಿಡಿಯಾದ, ಅಳದವನು ಕಲ್ಲಪ್ಪನಾದ. ಎದೆ ಹೊಡೆದುಕೊಳ್ಳಲು ಶುರುವಾದರೆ ಮೇಡಂ ಹೇಳಿಕೊಟ್ಟ ಹಾಗೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಎರಡೂ ಪಾದ ನೆಲಕ್ಕೆ ಊರಿ, ಉಸಿರನ್ನು ನಿಧಾನಕ್ಕೆ ಬಿಡುವುದು. 'ಈಗ ಬಂದವನು ಯಾರು? ನಿನಗೇನು ಹೆದರಿಕೆ?' ಎಂದು ಕೇಳುವುದು. 'ಇದು ಹೊಸ ಅಂಗಡಿ, ಆ ಗೋಡೆ ಇಲ್ಲಿಲ್ಲ' ಎಂದು ತಿಳಿಸುವುದು. ಕೆಲವು ದಿನ ಮನಸ್ಸು ಕೇಳಿತು, ಕೆಲವು ದಿನ ಕೇಳಲಿಲ್ಲ. ಒಂದು ವಾರವಂತೂ ನಿದ್ದೆಯೇ ಹತ್ತದೆ, ಡಾಕ್ಟರು ಮಾತ್ರೆಯನ್ನೂ ಬರೆದುಕೊಟ್ಟರು. ಅವನು ಹೋಗುವುದನ್ನು ಮಾತ್ರ ಬಿಡಲಿಲ್ಲ.

ಹೀಗೆ ಹೋಗಿ ಬಂದು ಮಾಡುತ್ತಿರುವಾಗ ಒಮ್ಮೆ ಹೇಳಿದ: "ಬೆಂಚಿನ ತುದೀಲಿ ಇನ್ನೊಬ್ಬ ಕೂತಿದಾನೆ ಮೇಡಂ. ತಲೆ ಎತ್ತಲ್ಲ, ಮಾತಾಡಲ್ಲ."

"ಕೂತಿರಲಿ. ಅವನಿಗೆ ಬೇಕು ಅನ್ನಿಸಿದಾಗ ಮಾತಾಡ್ತಾನೆ."

ಎಷ್ಟೋ ಭೇಟಿಗಳಾದ ಮೇಲೆ ಆ ತುದಿಯವನು ಕತ್ತರಿ ಅಣ್ಣನ ಬಾಯಿಂದ ಮಾತಾಡಿದ. "ಅವತ್ತು ನನ್ನ ಜೊತೆಗಾರ ಊಟಕ್ಕೆ ಹೊರಟಿದ್ದ. ಬಾಗಿಲ ತನಕ ಹೋಗಿದ್ದ. ನಾನೇ ಕರೆದೆ. 'ನೆಲದ ಮೇಲಿನ ಕೂದಲು ಗುಡಿಸಿ ಹೋಗೋ' ಅಂದೆ. ಅವನು ಪೊರಕೆ ತಗೊಳ್ಳೋಕೆ ಒಳಗೆ ಬಂದ ಮೇಡಂ..."

ಇಷ್ಟು ದಿನ ಹೆಂಡತಿಗೂ ಹೇಳದ ಮಾತು ಅದು. ಕತ್ತರಿ ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಮೇಡಂ ಅಳಬೇಡಿ ಅನ್ನಲಿಲ್ಲ. ಅವನ ಅಳು ತಗ್ಗಿದ ಮೇಲೆ ಮೆಲ್ಲಗೆ ಕೇಳಿದರು: "ಗೋಡೆ ಬೀಳುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿದ್ರೆ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಓಡ್ತಿದ್ದೆ."

"ಬೆಂಚಿನ ತುದೀಲಿ ಕೂತೋನಿಗೆ ಅದನ್ನೇ ಹೇಳಿ. ಅವನಿನ್ನೂ ಇಟ್ಟಿಗೆ ಕೆಳಗೇ ಇದಾನೆ."

ಅವನು ಕಣ್ಣು ಮುಚ್ಚಿಕೊಂಡ. ತುಟಿ ಮಾತ್ರ ಅಲುಗಾಡಿತು. ಏನು ಹೇಳಿದನೋ, ಎಷ್ಟು ಹೇಳಿದನೋ, ಅದು ಅವನಿಗೇ ಸೇರಿದ್ದು. ಕಣ್ಣು ತೆರೆದಾಗ ಎದೆಯ ಭಾರ ಸ್ವಲ್ಪ ಇಳಿದಿತ್ತು.

ಮನೆಗೆ ಬಂದು ಹೆಂಡತಿಗೂ ತಾಯಿಗೂ ಅದನ್ನೇ ಹೇಳಿದ. ಹೇಳುತ್ತಾ ಮತ್ತೆ ಅತ್ತ. ತಾಯಿ ಸೆರಗಿನಿಂದ ಅವನ ಮುಖ ಒರೆಸಿದರು. "ಅತ್ತರೆ ನೀನು ಒಡೆದುಹೋಗ್ತೀಯ ಅಂದ್ಕೊಂಡಿದ್ದೆ ಮಗಾ. ಅದಕ್ಕೇ ಬಾಯಿ ಮುಚ್ಚಿಸ್ತಿದ್ದೆ," ಎಂದರು. ಆಮೇಲೆ, "ಆ ಮೇಡಂ ಮುದುಕೀರ ಮಾತೂ ಕೇಳ್ತಾರೇನೋ?" ಎಂದು ಕೇಳಿದರು.

ಇನ್ನು ಉಳಿದವಳು ಮಗಳು. ಅವಳ ಮುಂದೆ ಅವನು ನೆಲದ ಮೇಲೆ ಕೂತ.

"ಅವತ್ತು ನಿನ್ನನ್ನ ಎಳೆದಿದ್ದು ನನ್ನ ತಪ್ಪು ಪುಟ್ಟಾ. ನೀನೇನೂ ಮಾಡಿರಲಿಲ್ಲ. ಭಯ ನನ್ನದು. ನನ್ನೊಳಗೆ ಹೆದರೋ ಬಾಗಿಲಯ್ಯ, ರೇಗೋ ಸಿಡಿಮಿಡಿ ಅಂತೆಲ್ಲ ಇದಾರೆ, ಅವರನ್ನ ಸಂಭಾಳಿಸೋದು ಕಲೀತಾ ಇದೀನಿ. ನೀನು ನನ್ನ ಕುರ್ಚಿ ಮೇಲೆ ಕೂರ್ಲೇಬೇಕು ಅಂತ ಏನಿಲ್ಲ."

ಅವಳು ಎದ್ದು ಅಮ್ಮನ ಹತ್ತಿರ ಹೋದಳು. ಮುಂದಿನ ಭಾನುವಾರ ತಾನಾಗಿಯೇ ಅಂಗಡಿಗೆ ಬಂದು ಕುರ್ಚಿ ಹತ್ತಿದಳು.

"ಬಾಗಿಲಯ್ಯ, ಸಿಡಿಮಿಡಿ ಎಲ್ಲ ಬರ್ತಾರಾ ಅಪ್ಪ?"

"ಬರಬಹುದು. ಬಂದರೆ ನಿನಗೆ ಮೊದಲೇ ಹೇಳ್ತೀನಿ."

ಅರ್ಧ ಕೂದಲು ಕತ್ತರಿಸಿದ್ದ. ಅಷ್ಟರಲ್ಲಿ ಎದುರಿನ ಹಾಲಿನಂಗಡಿಯ ಷಟರ್ ಧಡಾರ್ ಎಂದು ಬಿತ್ತು. ಅವನ ಕೈ ನಿಂತಿತು. ಹಣೆಯ ಮೇಲೆ ಬೆವರು ಮೂಡಿತು. ಕನ್ನಡಿಯಲ್ಲಿ ಮಗಳ ಕಣ್ಣು ಅವನ ಮುಖದ ಮೇಲೇ ನೆಟ್ಟಿತ್ತು, ಅವಳ ಕೈಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು.

ಅವನು ಕತ್ತರಿಯನ್ನು ಕೆಳಗಿಟ್ಟ. ಪಾದಗಳನ್ನು ನೆಲಕ್ಕೆ ಊರಿದ. "ಬಾಗಿಲಯ್ಯ ಬಂದಿದಾನೆ ಪುಟ್ಟಾ. ಒಂದು ನಿಮಿಷ," ಎಂದ. ಬಾಗಿಲಿಗೆ ಹೋಗಿ ನೋಡಿ, ಉದ್ದಕ್ಕೆ ಉಸಿರು ಬಿಟ್ಟು, ವಾಪಸ್ ಬಂದ. "ಎದುರಿನ ಷಟರ್ ಅದು. ಗೋಡೆ ಅಲ್ಲ."

"ಅವನನ್ನ ಓಡಿಸಿಬಿಟ್ಟೆಯಾ?"

"ಇಲ್ಲ. ಪಾಪ, ಎಷ್ಟು ದಿನದಿಂದ ನಿಂತೇ ಇದಾನೆ. ಕೂತ್ಕೋ ಅಂದೆ."

ಹುಡುಗಿ ಕುರ್ಚಿಯ ಹಿಡಿ ಬಿಟ್ಟಳು. "ಹಿಂದುಗಡೆ ಇನ್ನೂ ಉದ್ದ ಇದೆ," ಎನ್ನುತ್ತಾ ತಲೆ ತಗ್ಗಿಸಿ, ಅಪ್ಪನ ಕೈಗೆ ಕುತ್ತಿಗೆ ಕೊಟ್ಟಳು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಟ್ರಿಮ್ಮರ್ ಇನ್ನೂ ಕಪಾಟಿನಲ್ಲೇ ಇದೆ. ಆದರೆ ಕತ್ತರಿ ಅಣ್ಣ ಈಗ ತನ್ನ ಮೇಲೆ ತಾನೇ ಯುದ್ಧ ಮಾಡುತ್ತಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಸಣ್ಣ ಸದ್ದಿಗೆ ಬೆಚ್ಚುವವರು, ಕಾರಣವಿಲ್ಲದೆ ಸಿಡಿಯುವವರು, ಅಳುವುದನ್ನೇ ಮರೆತವರು ಇರಬಹುದು. ಅದು ನೀವೇ ಇರಬಹುದು. "ಮರೆತುಬಿಡು" ಎನ್ನಬೇಡಿ. "ಏನಾಯಿತು?" ಎಂದು ಕೇಳಿ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಪಕ್ಕದಲ್ಲಿ ಕೂತಿರಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ನೋವಿಗೆ ಯಾರನ್ನು ಕಾಣಬೇಕು ಎಂದು ವಿಚಾರಿಸಿ. ಸಾಯುವ ಮಾತು ಬಂದರಂತೂ ಆ ಕ್ಷಣವೇ ಕರೆದುಕೊಂಡು ಹೋಗಿ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಒಬ್ಬರೇ ಹೋಗಲು ಅಳುಕಾದರೆ ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆದರೆ ಹೋಗಿ.