ಕೆಮ್ಮಬೇಡ, ಸದ್ದು ಕಳಿಸು

ಶಿರಾದ ಮೆಕ್ಯಾನಿಕ್ ಬಾಷಾ ಸಾಬರಿಗೆ ಕಂಪ್ರೆಸರಿನ ಎದುರು ಹೋಗಿ ನಿಲ್ಲಲೇಬೇಕೆಂದಿರಲಿಲ್ಲ. ಅದರ ಸದ್ದು ಫೋನಿನಲ್ಲಿ ಬಂದರೆ ಸಾಕು, ಕಣ್ಣು ಮುಚ್ಚಿ ಕೇಳಿ, ವಾಲ್ವು ಸಡಿಲ ಎನ್ನುವರು, ಪಿಸ್ಟನ್ನಿನ ರಿಂಗು ಸವೆದಿದೆ ಎನ್ನುವರು. ಬಿಚ್ಚಿ ನೋಡಿದರೆ ಬಹುಪಾಲು ಹಾಗೇ ಇರುತ್ತಿತ್ತು. ಅದರ ಜಂಬವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಮನೆಯಲ್ಲಿ ಹೆಂಡತಿ ಅಮೀರ್ ಬಿ ಹತ್ತು ಸಲ ಕೂಗಿದರೂ ಕೇಳದ ಕಿವಿಯೂ ಅದೇ, ಆ ಮಾತು ಬೇರೆ.

ಮಧುಗಿರಿ ರಸ್ತೆಯ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ದಾಸಯ್ಯ ಆಪರೇಟರಾಗಿದ್ದ. ಅಲ್ಲಿನ ಕಂಪ್ರೆಸರ್ ಹಳೆಯದು, ಪಿಸ್ಟನ್ನು ಮೇಲೆ ಕೆಳಗೆ ಆಡುವ ಜಾತಿಯದು. ಆಡುತ್ತಾ ಆಡುತ್ತಾ ಸವೆಯುವುದೇ ಅದರ ಹಣೆಬರಹ. ಸವೆತ ಮೊದಲೇ ಗೊತ್ತಾದರೆ ರಿಪೇರಿ, ಗೊತ್ತಾಗದಿದ್ದರೆ ಒಂದು ದಿನ ಒಳಗೇ ಮುರಿದು ಎಲ್ಲ ಪುಡಿಪುಡಿ. ಅದಕ್ಕೇ ದಾಸಯ್ಯ ದಿನಾ ಬೆಳಿಗ್ಗೆ ಸ್ಟೋರೇಜಿನ ಫೋನನ್ನು ಮಿಷನ್ನಿಗೆ ಹಿಡಿದು, ಸದ್ದು ರೆಕಾರ್ಡ್ ಮಾಡಿ ವಾಟ್ಸಪ್ಪಿನಲ್ಲಿ ಕಳಿಸುತ್ತಿದ್ದ. ಸಾಬರು ಅದನ್ನು ಹಳೆಯ ಸದ್ದಿನ ಜೊತೆ ಹೋಲಿಸಿ, "ನಡೀಲಿ ಬುಡು" ಎನ್ನುತ್ತಿದ್ದರು.

ಮೊದಮೊದಲು ಆ ರೆಕಾರ್ಡಿಂಗುಗಳಲ್ಲಿ ದಾಸಯ್ಯನ ಸಂಸಾರವೇ ಇರುತ್ತಿತ್ತು. ಪುರವರದ ಕಡೆ ಮಳೆ ಬಂತಂತೆ, ಹೆಂಡತಿ ಹುರುಳಿಸಾರಿಗೆ ಉಪ್ಪು ಹಾಕಕ್ಕೆ ಮರೆತಳಂತೆ, ಮಗಳು ಅನುಷಾಗೆ ಗಂಡು ಬಂದೈತಂತೆ. ಇಷ್ಟರ ಹಿಂದೆಲ್ಲೋ ಮಿಷನ್ನು ಗುಡುಗುಟ್ಟುತ್ತಿತ್ತು. ಸಾಬರಿಗೆ ರೇಗಿತು.

"ನಿನ್ ಹರಿಕಥೆ ಕೇಳಕ್ಕೆ ಫೋನ್ ಇಟ್ಕೊಂಡಿಲ್ಲ ಕಣಯ್ಯ. ಬಾಯ್ ಮುಚ್ಕೊಂಡು ಸದ್ದು ಕಳ್ಸು!"

ದಾಸಯ್ಯ ಬಾಯಿ ಮುಚ್ಚಿದ. ಆಮೇಲೆ ಕೆಮ್ಮು ಶುರುವಾಯಿತು. "ಕೆಮ್ಮಬ್ಯಾಡ ದಾಸಣ್ಣ, ವಾಲ್ವ್ ಸದ್ದೇ ಮುಚ್ಚೋಯ್ತದೆ" ಎಂದರು ಸಾಬರು. ಪಾಪ, ಅದನ್ನೂ ನಿಲ್ಲಿಸಿದ. ಹೇಗೆ ತಡೆದುಕೊಂಡನೋ, ಕೇಳಿದವರು ಯಾರು? ಮಾತು, ಕೆಮ್ಮು ಇದ್ದುದನ್ನೆಲ್ಲ ಸಾಬರು ಕಸವೆಂದು ಅಳಿಸಿ, ಬರೀ ಸದ್ದಿದ್ದವನ್ನು ಮಾತ್ರ ಉಳಿಸಿಕೊಂಡರು.

ಯುಗಾದಿ ಕಳೆದ ಮೇಲೆ ದಾಸಯ್ಯ ತೀರಿಕೊಂಡ. ಶ್ವಾಸಕೋಶ ಬಹಳ ದಿನದಿಂದ ಕೆಟ್ಟಿತ್ತು ಎಂದರಂತೆ ತುಮಕೂರಿನ ಡಾಕ್ಟರು. ಸಾಬರು ಮಣ್ಣಿಗೆ ಹೋಗಿ ಬಂದು, ಎರಡು ದಿನ ಅಂಗಡಿ ತೆರೆಯಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ದಾಸಯ್ಯನ ಹೆಂಡತಿ ಈಶ್ವರಮ್ಮ ಬಸ್ಸಿಳಿದು ಸಾಬರ ವರ್ಕ್‌ಶಾಪಿಗೆ ಬಂದಳು. ಸಾಬರು ಸ್ಟೂಲು ಒರೆಸಿ ಕೊಟ್ಟರು.

"ಇಷ್ಟು ದೂರ ಯಾಕ್ ಬರಕ್ಕೋದೆ ಕಣಮ್ಮ? ಫೋನ್ ಮಾಡಿದ್ರೆ ನಾನೇ ಬತ್ತಿರ್ಲಿಲ್ವಾ?"

"ಅವರ ದನಿ ಬೇಕಾಗಿತ್ತು ಸಾಬ್ರೇ" ಎಂದಳು ಈಶ್ವರಮ್ಮ. "ಮಕ ಕಣ್ಮುಂದೆ ಐತೆ, ಪೋಟೋನೂ ಐತೆ. ದನಿ ಮರ್ತೋಯ್ತಾ ಐತೆ. ಮೊನ್ನೆ ನೆಪ್ಪು ಮಾಡ್ಕೊಳಾಕೆ ಕುಂತ್ರೆ ನಮ್ಮಣ್ಣನ ದನಿ ಬತ್ತದೆ. ಎದೆ ಝಲ್ ಅಂತು. ಒಂದೇ ಮನೇಲಿದ್ದೋರು, ನಂಗ್ಯಾಕೆ ರೆಕಾಡ್ ಮಾಡಿ ಕಳ್ಸಾರು? ಕಳ್ಸಿದ್ದೆಲ್ಲ ನಿಮ್ಗೇಯ."

ಸ್ಟೋರೇಜಿನ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸ ಆಪರೇಟರಿಗೆ ಕೊಟ್ಟಾಗಿತ್ತು. ಉಳಿದದ್ದು ಸಾಬರ ಫೋನೊಂದೇ. ಸಾಬರು ಒಂದು ರೆಕಾರ್ಡಿಂಗ್ ಹಾಕಿದರು. ಮಿಷನ್ನು. ಇನ್ನೊಂದು ಹಾಕಿದರು. ಅದೂ ಮಿಷನ್ನೇ. ಈಶ್ವರಮ್ಮ ಪ್ರತಿ ಸಲವೂ ಸೆರಗು ಸರಿಸಿ ಕಿವಿ ಹತ್ತಿರ ತರುವಳು, ಮುಗಿಯುವ ತನಕ ಕಾಯುವಳು, ಮತ್ತೆ ಸಾಬರ ಮುಖ ನೋಡುವಳು. ಆ ನೋಟ ತಡೆಯಲಾಗಲಿಲ್ಲ ಅವರಿಗೆ.

"ಇಲ್ಲ ಕಣಮ್ಮ. ಮಾತಿದ್ದಿದ್ದೆಲ್ಲ ಅಳಿಸ್ಬುಟ್ಟೆ. ಮಾತಾಡ್ಬ್ಯಾಡ ಅಂತ ನಾನೇ ಅಂದಿದ್ದೆ. ಕೆಮ್ಮಲೂಬ್ಯಾಡ ಅಂದಿದ್ದೆ."

ಈಶ್ವರಮ್ಮ ಬೈಯಲಿಲ್ಲ. ನಿನ್ನ ಮನೆ ಹಾಳಾಗ ಎಂದಿದ್ದರೂ ಸಾಬರಿಗೆ ಹಗುರಾಗುತ್ತಿತ್ತು.

"ಓಗ್ಲಿ ಬುಡಿ" ಎಂದಳು. "ಅವರು ದಿನಾ ಕೇಳ್ತಿದ್ದ ಸದ್ದೇ ಅಲ್ವಾ? ಅದ್ನೇ ಕೇಳ್ಕೊಂಡು ಓಯ್ತೀನಿ. ಚೆನ್ನಾಗಿರೋದೊಂದು ಹಾಕ್ಕೊಡಿ."

ಚೆನ್ನಾಗಿರುವುದು ಒಂದಿತ್ತು. ದೀಪಾವಳಿಗೆ ಹೊಸ ರಿಂಗು ಕೂರಿಸಿದ ಮರುದಿನದ ರೆಕಾರ್ಡಿಂಗು. ಮಿಷನ್ನು ಗಟ್ಟಿಮುಟ್ಟಾಗಿದ್ದಾಗ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಸಾಬರು ಗುರುತು ಹಾಕಿ ಇಟ್ಟುಕೊಂಡದ್ದು. ಆಮೇಲಿನ ಪ್ರತಿಯೊಂದು ಸದ್ದನ್ನೂ ಇದರ ಜೊತೆಗೇ ತೂಗಿ ನೋಡುತ್ತಿದ್ದರು. ಅದೆಷ್ಟು ಸಲ ಕೇಳಿದ್ದರೋ! ನಡುವೆ ಕರೆಂಟು ಹೋಗಿ ಮಿಷನ್ನು ನಿಂತುಬಿಡುತ್ತದೆ. ಅಲ್ಲಿಗೇ ಅವರೂ ನಿಲ್ಲಿಸಿಬಿಡುತ್ತಿದ್ದರು. ನಿಂತ ಮಿಷನ್ನಿನಲ್ಲಿ ಕೇಳುವುದೇನಿದೆ?

ಫೋನನ್ನು ಈಶ್ವರಮ್ಮನ ಕೈಗೇ ಕೊಟ್ಟರು. ಕಂಪ್ರೆಸರ್ ಒಂದೇ ಹದದಲ್ಲಿ ಓಡಿತು, ನಿಧಾನವಾಯಿತು, ನಿಂತಿತು.

"ಅಷ್ಟೇ ಕಣಮ್ಮ, ಮುಂದೇನಿಲ್ಲ."

ಈಶ್ವರಮ್ಮನಿಗೆ ಅದನ್ನು ನಿಲ್ಲಿಸುವುದು ಹೇಗೆಂದು ಗೊತ್ತಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದಳು. ಆ ಮೌನದಲ್ಲಿ ಯಾರದೋ ಉಸಿರು ಕೇಳಿಸಿತು. ಸುಯ್ ಸುಯ್ ಎನ್ನುವ, ಸವೆದ ರಿಂಗಿನ ಸಂದಿಯಲ್ಲಿ ಗಾಳಿ ನುಸುಳುವಂಥ ಉಸಿರು. ಯಾವ ಮಿಷನ್ನಿನಿಂದಲಾದರೂ ಆ ಸದ್ದು ಬಂದಿದ್ದರೆ, ಮೊದಲು ನಿಲ್ಲಿಸ್ರೋ, ಬಿಚ್ರೋ ಎಂದು ಸಾಬರು ಕೂಗಾಡುತ್ತಿದ್ದರು.

ಫೋನಿನೊಳಗಿಂದ ದಾಸಯ್ಯ ಮೆಲ್ಲಗೆ ಕೇಳಿದ: "ಕರೆಂಟ್ ಓಯ್ತು ಬಾಷಣ್ಣ. ಇವಾಗ ಕೆಮ್ಮಬೋದಾ?"

ಕೇಳಿದವನೇ ಕೆಮ್ಮಿದ. ಅಷ್ಟು ಹೊತ್ತು ಅದುಮಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಬಂತು. ರೆಕಾರ್ಡಿಂಗು ಮುಗಿಯಿತು.

"ಇದೇ ಕಣ್ ಸಾಬ್ರೇ, ಇದೇ ದನಿ!" ಈಶ್ವರಮ್ಮ ಅಳುತ್ತಲೇ ನಕ್ಕಳು. "ಕೆಮ್ಮಕ್ಕೂ ನಿಮ್ಮನ್ನ ಕೇಳ್ತಾವ್ರೆ ನೋಡಿ. ಇನ್ನೊಂದ್ ಸಲ ಹಾಕಿ."

ಸಾಬರು ಫೋನು ಇಸಿದುಕೊಂಡು ಒತ್ತಿದರು. ಮಿಷನ್ನು ಓಡಿತು, ನಿಂತಿತು. ಇವಾಗ ಕೆಮ್ಮಬೋದಾ ಎಂದು ದಾಸಯ್ಯ ಮತ್ತೆ ಕೇಳಿದ.

"ಕೆಮ್ಮು ದಾಸಣ್ಣ, ಕೆಮ್ಮು" ಎನ್ನುತ್ತಾ ಸಾಬರು ಈಶ್ವರಮ್ಮನ ಎದುರೇ ಗೊಳೋ ಎಂದು ಅತ್ತುಬಿಟ್ಟರು. ಫೋನಿನಲ್ಲಿ ದಾಸಯ್ಯ ಕೆಮ್ಮತೊಡಗಿದ.